ಯಾಕಮ್ಮನ ಕಾರಣದ ಪುಸ್ತಕ

ನಮ್ಮ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿರುವವರಿಗೆ ಮಕ್ಕಳು ಇಟ್ಟ ಹೆಸರು ಯಾಕಮ್ಮ. ಬಿಸಿಲು ಬೀಳುತ್ತಿದೆ, ಕಿಟಕಿ ಹಾಕಿ ಎಂದರೆ, ಹೋದ ತಿಂಗಳು ಆ ಮೂಲೆಯಲ್ಲಿದ್ದ ಬಿಸಿಲು ಈಗ ಈ ಮೂಲೆಗೆ ಯಾಕೆ ಬಂತು ಎಂದು ಎದ್ದು ನೋಡುವವರ ಪೈಕಿ. ಮದುವೆಗೆ ಮುಂಚೆ ಅವರ ತಾಯಿಯೇ ಗಂಡಿನ ಕಡೆಯವರಿಗೆ ಹೇಳಿಬಿಟ್ಟಿದ್ದರಂತೆ: "ಇವಳನ್ನ ಕಟ್ಕೊಂಡೋನು ದಿನಾ ಪರೀಕ್ಷೆ ಬರೀಬೇಕು, ನೋಡ್ಕೊಳ್ಳಿ." ಗಡಿಯಾರ ರಿಪೇರಿಯ ಆ ಗಂಡ ಮೂವತ್ತು ವರ್ಷದಿಂದ ಹೇಗೋ ಪಾಸಾಗುತ್ತ ಬಂದಿದ್ದಾರೆ. "ಗೊತ್ತಿಲ್ಲ ಅಂದ್ರೆ ಬಿಟ್ಬಿಡ್ತಾಳೆ. ಬಾಯಿಗೆ ಬಂದಿದ್ದು ಹೇಳಿದ್ರೆ ಮಾತ್ರ ಬಿಡಲ್ಲ" ಎನ್ನುವುದು ಅವರು ಕಂಡುಕೊಂಡ ಗುಟ್ಟು.

ಸರ್ಕಾರದ ಹಾಜರಿ ಪುಸ್ತಕದಲ್ಲಿ ಬಾರದ ಮಗುವಿನ ಹೆಸರಿನ ಮುಂದೆ 'ಗೈ' ಎಂದು ಬರೆದರೆ ಮುಗಿಯಿತು. ಯಾಕಮ್ಮನಿಗೆ ಅದು ಸಾಲದು. ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಗೈರಿಗೂ ಕಾರಣ ಬರೆದಿಡುತ್ತಿದ್ದರು. 'ಕನ್ನಡಕ ಒಡೆಯಿತು.' 'ಚಪ್ಪಲಿಯನ್ನು ಅಕ್ಕ ಹಾಕಿಕೊಂಡು ಹೋದಳು.' 'ಹೊಟ್ಟೆನೋವು (ನಿಜ).' 'ಹೊಟ್ಟೆನೋವು (ಗಣಿತ).' ನಾನು ಗಣಿತದ ಟೀಚರು. ಈ ಕೊನೆಯ ಥರದ ನಮೂದುಗಳು ಜಾಸ್ತಿ ಇದ್ದುದರಿಂದಲೋ ಏನೋ, ನನಗೆ ಆ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸುವ ಚಟ ಎಂದುಕೊಂಡಿದ್ದೆ.

ಸಾಂಕ್ರಾಮಿಕದ ವರ್ಷ ಹತ್ತನೇ ತರಗತಿಯ ಗಣಿತ ಪರೀಕ್ಷೆಗೆ ನಮ್ಮ ಶಾಲೆಯ ಹನ್ನೊಂದು ಮಕ್ಕಳು ಬರಲಿಲ್ಲ. ರಸ್ತೆ ಬಂದ್ ಆಗಿ ಬರಲಾಗದವರಿಗೆ ಇನ್ನೊಂದು ಪರೀಕ್ಷೆ ಮಾಡುತ್ತೇವೆ, ಶುಕ್ರವಾರ ಸಂಜೆ ಐದರೊಳಗೆ ಪುರಾವೆ ಸಮೇತ ಪಟ್ಟಿ ಕಳಿಸಿ ಎಂದು ಮೇಲಿನಿಂದ ಆದೇಶ ಬಂತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆ ವರ್ಷ ಹೋದಂತೆಯೇ.

ಹತ್ತು ಮಕ್ಕಳ ರಸ್ತೆಗಳು ಬಂದ್ ಆದ ನೋಟೀಸು ಸಿಕ್ಕಿತು. ಹನ್ನೊಂದನೆಯವಳು ಒಬ್ಬ ನರ್ಸಿನ ಮಗಳು. ತಾಯಿ ಆಸ್ಪತ್ರೆಯಲ್ಲೇ ಉಳಿದಿದ್ದರು, ಮನೆಯಲ್ಲಿ ಹುಡುಗಿ ಮತ್ತು ಅಜ್ಜಿ ಮಾತ್ರ. ಇದ್ದ ಒಂದೇ ಫೋನು ತಾಯಿಯ ಬಳಿ. ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್. ಅವಳ ರಸ್ತೆಯ ನೋಟೀಸಿನಲ್ಲಿ 'ಸೋಮವಾರ ಮಧ್ಯಾಹ್ನ ಹನ್ನೆರಡರಿಂದ ಬಂದ್' ಎಂದಿತ್ತು. ಪರೀಕ್ಷೆ ಶುರುವಾಗಿದ್ದು ಸೋಮವಾರ ಬೆಳಿಗ್ಗೆ ಹತ್ತಕ್ಕೆ.

"ಬರಬಹುದಿತ್ತು, ಬರಲಿಲ್ಲ. ಗಣಿತ ಅಂದ್ರೆ ಮೊದಲಿಂದಲೂ ಅವಳಿಗೆ ಜೀವ ಬಾಯಿಗೆ ಬರುತ್ತೆ. ನಿಮ್ಮ ಪುಸ್ತಕದ ಭಾಷೇಲಿ ಹೇಳೋದಾದ್ರೆ ಹೊಟ್ಟೆನೋವು" ಎಂದೆ.

ಯಾಕಮ್ಮ ನೀಲಿ ಪುಸ್ತಕ ತಿರುವಿದರು. "ಮೂರು ವರ್ಷದಲ್ಲಿ ಎರಡೇ ಗೈರು. ಒಂದು ಜ್ವರ, ಒಂದು ಅಜ್ಜಿ ಬಿದ್ದಿದ್ದು. ಭಯ ಇದ್ರೂ ನಿಮ್ಮ ಒಂದು ಕಿರುಪರೀಕ್ಷೆನೂ ತಪ್ಪಿಸಿಲ್ಲ. ಸೋಮವಾರ ಮಾತ್ರ ಯಾಕೆ ತಪ್ಪಿಸಿದ್ಲು?"

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು, ಇದಕ್ಕೆಲ್ಲ ಈಗ ಯಾರಿಗೆ ಪುರುಸೊತ್ತಿದೆ ಎಂದು ಗೊಣಗಿದೆ. ಅವರು ಮಾಸ್ಕ್ ಏರಿಸಿಕೊಂಡು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟರು. ಆಗ ಶುಕ್ರವಾರ ಮಧ್ಯಾಹ್ನ ಎರಡು ಗಂಟೆ.

ಮುಂದಿನದನ್ನು ಅವರೇ ಆಮೇಲೆ ಹೇಳಿದ್ದು. ಆ ರಸ್ತೆಯ ಬಾಯಿಗೆ ಅಡ್ಡ ಕಟ್ಟಿದ್ದ ಬಿದಿರಿನ ಹತ್ತಿರ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರನನ್ನು ಅವರು ಮೊದಲು ಕೇಳಿದ್ದು ಹುಡುಗಿಯ ಬಗ್ಗೆ ಅಲ್ಲ, ಬಿದಿರಿನ ಬಗ್ಗೆ. ಅದನ್ನು ಕಟ್ಟಿದ್ದ ಹಗ್ಗದ ಗಂಟು ಒಣಗಿ ಬಿಗಿದಿತ್ತಂತೆ. ಯಾವಾಗ ಕಟ್ಟಿದ್ದು ಎಂದು ತಿಳಿಯುವ ಆಸೆ ಅವರಿಗೆ.

"ಬಿದಿರು ಸೋಮವಾರ ಬೆಳಿಗ್ಗೆ ಏಳಕ್ಕೇ ಬಂತಮ್ಮ, ಕಾಗದ ಮಧ್ಯಾಹ್ನ ಬಂತು" ಎಂದನಂತೆ ಅವನು. "ಒಂದು ಹುಡುಗಿ ಯೂನಿಫಾರ್ಮ್ ಹಾಕ್ಕೊಂಡು, ಹಾಲ್ ಟಿಕೆಟ್ ಹಿಡ್ಕೊಂಡು ಬಂದು ಅತ್ತಳು. ಬಿಟ್ರೆ ನನ್ನ ಕೆಲಸ ಹೋಗುತ್ತೆ. ನನ್ನ ಫೋನ್ ಕೊಟ್ಟು, ನಿಮ್ಮ ಟೀಚರಿಗೆ ಹೇಳಮ್ಮ, ಅವರು ಏನಾದ್ರೂ ಮಾಡ್ತಾರೆ ಅಂದೆ. ಮೂರು ಸಲ ಮಾಡಿದ್ಲು ಪಾಪ."

ನಾಲ್ಕೂವರೆಗೆ ಯಾಕಮ್ಮ ಬೆವರು ಒರೆಸಿಕೊಳ್ಳುತ್ತ ಸ್ಟಾಫ್ ರೂಮಿಗೆ ಬಂದರು. ಆ ಕಾವಲುಗಾರನ ನಂಬರು ನೀಲಿ ಪುಸ್ತಕದಲ್ಲಿತ್ತು. ಅದನ್ನು ಓದಿ, "ನಿಮ್ಮ ಫೋನು ತೆಗೀರಿ. ಸೋಮವಾರ ಬೆಳಿಗ್ಗೆ ನೋಡಿ" ಎಂದರು.

ಎಂಟೂ ಐವತ್ತು, ಎಂಟೂ ಐವತ್ತೆರಡು, ಒಂಬತ್ತು ಗಂಟೆ. ಮೂರು ಮಿಸ್ಡ್ ಕಾಲ್, ಅದೇ ನಂಬರು.

ಪರೀಕ್ಷೆಯ ದಿನ ಎಂಟೂವರೆಗೆ ಟೀಚರುಗಳ ಫೋನುಗಳನ್ನೆಲ್ಲ ತಗಡಿನ ಡಬ್ಬಿಗೆ ಹಾಕಿ ಬೀಗ ಹಾಕುವುದು ನಮ್ಮಲ್ಲಿ ನಿಯಮ. ಅದು ಗೊತ್ತಿದ್ದೂ, ಹಿಂದಿನ ವಾರ ಒಂದೊಂದು ಹಾಲ್ ಟಿಕೆಟ್ಟಿನ ಹಿಂದೆ ನನ್ನ ನಂಬರು ಬರೆದು, "ಬರುವಾಗ ಏನೇ ತೊಂದರೆ ಆದ್ರೂ ನನಗೆ ಫೋನ್ ಮಾಡಿ" ಎಂದು ದೊಡ್ಡದಾಗಿ ಹೇಳಿದವಳು ನಾನೇ.

"ಡಬ್ಬಿಯಿಂದ ಫೋನು ಒಂದೂವರೆಗೆ ಕೈಗೆ ಬಂತಲ್ಲ. ತಿರುಗಿ ಮಾಡ್ಲಿಲ್ಲ ಯಾಕೆ?" ಯಾಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲು ಯಾಕೆ ಜಾಗ ಬದಲಿಸಿತು ಎಂದು ಕೇಳುವ ದನಿಯೇ.

"ಯಾವುದೋ ಕಂಪನಿಯೋರು ಇರ್ಬೇಕು ಅನ್ಕೊಂಡೆ" ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ತಲೆಯಾಡಿಸಿ, ಕಳಿಸಬೇಕಿದ್ದ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಹನ್ನೊಂದನೆಯ ಸಾಲಿನ ಕಾರಣದ ಜಾಗದಲ್ಲಿ ದುಂಡಗೆ ಬರೆದರು: 'ಬೆಳಿಗ್ಗೆ ಏಳಕ್ಕೇ ರಸ್ತೆ ಬಂದ್. ವಿದ್ಯಾರ್ಥಿನಿ ಹೊರಟಿದ್ದಳು. ಟೀಚರಿಗೆ ಮೂರು ಸಲ ಕರೆ ಮಾಡಿದಳು. ಟೀಚರು ಸ್ವೀಕರಿಸಲಿಲ್ಲ.' ಆಮೇಲೆ ಪೆನ್ನು ನನ್ನ ಕಡೆ ಚಾಚಿದರು. "ಪುರಾವೆಗೆ ನಿಮ್ಮ ಸಹಿ ಬೇಕು. ಫೋನಿನ ಚಿತ್ರಾನೂ ಲಗತ್ತಿಸೋಣ."

ಹೆಡ್ ಮಾಸ್ಟರ ಕಣ್ಣಿಗೆ, ಮೇಲಿನವರ ಕಣ್ಣಿಗೆ ಬೀಳುವ ಕಾಗದ ಅದು. ಕೊನೆಯ ಎರಡು ಪದ ಬಿಟ್ಟರೂ ನಡೆಯುತ್ತಿತ್ತೇನೋ ಎಂಬ ಆಸೆ ಒಮ್ಮೆ ಬಂದು ಹೋಯಿತು. ಗಡಿಯಾರ ನೋಡಿದೆ, ಐದಕ್ಕೆ ಹನ್ನೆರಡು ನಿಮಿಷವಿತ್ತು. ಸಹಿ ಹಾಕಿದೆ.

ಎರಡನೆಯ ಪರೀಕ್ಷೆಯ ದಿನ ನನ್ನ ಫೋನನ್ನು ಡಬ್ಬಿಗೆ ಹಾಕದೆ ಗೇಟಿನ ಹತ್ತಿರ ನಿಂತಿದ್ದ ಯಾಕಮ್ಮನ ಕೈಗೆ ಕೊಟ್ಟೆ. ಅವರು ಯಾಕೆ ಎಂದು ಕೇಳಲಿಲ್ಲ. ನರ್ಸಿನ ಮಗಳು ಒಂದು ಗಂಟೆ ಮೊದಲೇ ಬಂದಳು. ನನ್ನನ್ನು ಕಂಡು, "ಮಿಸ್, ಅವತ್ತು ತೊಂದ್ರೆ ಕೊಟ್ಟೆ, ಸಾರಿ" ಎಂದಳು.