ಹಿಮ್ಮಡಿಯ ನೆಪ

ಹರಳೆಣ್ಣೆ ಬಿಸಿಯಾಗುವ ವಾಸನೆ ಬಂತೆಂದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಎಣ್ಣೆಗೂ ನಾಚಿಕೆಗೂ ಏನು ಸಂಬಂಧ ಎನ್ನುತ್ತೀರಾ? ಕೇಳಿ.

ನಾಲ್ಕು ವರ್ಷದ ಹಿಂದೆ ಕ್ಯಾನ್ಸರ್ ಎಂದು ನನ್ನ ಪ್ರಾಸ್ಟೇಟ್ ಗ್ರಂಥಿ ತೆಗೆದರು. ಜೀವ ಉಳಿಯಿತು. ಆದರೆ ವರ್ಷ ಕಳೆದರೂ ನಿಮಿರುವಿಕೆ ಮರಳಲಿಲ್ಲ, ಮಾತ್ರೆಗಳೂ ನಾಟಲಿಲ್ಲ. ಮಗರಪಟ್ಟಾ ಬಡಾವಣೆಯ ಮರಾಠಿ ಡಾಕ್ಟರೊಬ್ಬರು ಶಾಕ್‌ವೇವ್ ಚಿಕಿತ್ಸೆ ಮಾಡಿ ನೋಡೋಣ, ಇಂಥ ಆಪರೇಷನ್ ಆದವರಿಗೆ ಭರವಸೆ ಮಾತ್ರ ಕೊಡಲಾರೆ ಎಂದರು. ಅವರೊಡನೆ ಎಲ್ಲವನ್ನೂ ಮರಾಠಿಯಲ್ಲಿ ಸಲೀಸಾಗಿ ಮಾತಾಡಿದೆ. ಅದನ್ನೇ ಮನೆಯಲ್ಲಿ ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿಯೂ ನಾವಿಬ್ಬರು ಆ ವಿಷಯಕ್ಕೆಂದು ಒಂದು ಶಬ್ದವನ್ನೂ ಇಟ್ಟುಕೊಂಡಿರಲಿಲ್ಲ.

ಅದೇ ಕಟ್ಟಡದ ಕೆಳಮಹಡಿಯಲ್ಲಿ ಹಿಮ್ಮಡಿ ನೋವಿಗೂ ಅಂಥದೇ ಶಾಕ್ ಕೊಡುತ್ತಿದ್ದರು. ಹೆಂಡತಿಗೆ ಅದನ್ನೇ ನೆಪ ಹೇಳಿದೆ. ವಾರಕ್ಕೊಮ್ಮೆ ಮೇಲಿನ ಡಾಕ್ಟರ ಬಳಿ ಹೋಗಿ ಮಲಗುವುದು, ಅವರು ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಕೆ ಒತ್ತುವುದು, ಅದು ಟಕ್ ಟಕ್ ಎಂದು ಬಡಿಯುವುದು, ನಾನು ಇಪ್ಪತ್ತು ನಿಮಿಷ ಫ್ಯಾನು ನೋಡುವುದು. ಮನೆಗೆ ಬಂದರೆ ಅವಳು ಹರಳೆಣ್ಣೆ ಕಾಯಿಸಿ ಹಿಮ್ಮಡಿಗೆ ತಿಕ್ಕುತ್ತಿದ್ದಳು. ಯಾವ ಕಾಲೆಂಬುದು ನನಗೇ ನೆನಪಿರದೆ ಒಮ್ಮೆ ಎಡ, ಒಮ್ಮೆ ಬಲ ಕೊಡುತ್ತಿದ್ದೆ.

ನಾಲ್ಕನೆಯ ವಾರ ನಾನು ಹೊರಟಾಗ ಅವಳೂ ಸೀರೆ ಬದಲಿಸಿ ನಿಂತಿದ್ದಳು.

"ನನಗೂ ಬಲಗಾಲಿನ ಹಿಮ್ಮಡ ಭಾಳ ನೋಯ್ಲಿಕತ್ತದ್ರಿ. ನಡೀರಿ, ನಾನೂ ಶಾಕ್ ತೊಗೋತೀನಿ."

ಚಪ್ಪಲಿ ಬಿಟ್ಟು ಅಲ್ಲೇ ಕುಳಿತೆ. ಎಲ್ಲ ಹೇಳಿದೆ, ಅರ್ಧ ಮರಾಠಿಯಲ್ಲಿ. ಅವಳು ಎದುರಿಗೆ ಬಂದು ಕುಳಿತಳು.

"ಅದಕ್ಕ ಹೊರಗಿನ ಖೋಲ್ಯಾಗ ಮಲಗ್ಲಿಕತ್ತೀರೇನು? ನಾ ಏನು ತಪ್ಪು ಮಾಡೀನಿ ಅಂತ ವರ್ಷ ಆತು, ವಿಚಾರ ಮಾಡ್ಲಿಕತ್ತೀನಿ."

ಅವತ್ತು ಒಂದೇ ರಿಕ್ಷಾದಲ್ಲಿ ಹೋದೆವು. ಅವಳ ನೋವು ಸುಮಾರಾಗಿ ಇಳಿಯಿತು. ನನಗೆ ಆರು ವಾರ ಮುಗಿದರೂ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ದುಃಖವಾಯಿತು, ಸುಳ್ಳೇಕೆ ಹೇಳಲಿ. ನನ್ನ ಹಾಸಿಗೆ ಮಾತ್ರ ಒಳಗಿನ ಕೋಣೆಗೆ ಮರಳಿತು.

ಚಳಿಗಾಲದಲ್ಲಿ ಅವಳ ಹಿಮ್ಮಡಿ ಮತ್ತೆ ತಕರಾರು ತೆಗೆಯುತ್ತದೆ. ಈಗ ಎಣ್ಣೆ ಕಾಯಿಸುವವನು ನಾನು. ಗಂಡ ಕಾಲು ಮುಟ್ಟಬಾರದೆಂದು ಮೊದಮೊದಲು ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು. ಈ ಬೆಳಿಗ್ಗೆ ಬಟ್ಟಲು ಹಿಡಿದು ಕುಳಿತು, ಯಾವ ಕಾಲು ಎಂದು ಕೇಳಿದೆ. ಅವಳು ತಾನಾಗಿ ಬಲಗಾಲನ್ನು ನನ್ನ ತೊಡೆಯ ಮೇಲಿಟ್ಟಳು.

"ಖರೇ ನೋವಿದ್ರ ಕಾಲು ಮರೆಯಂಗಿಲ್ರಿ," ಎಂದಳು.