ಆಯಿ ಕಟ್ಟಿದ ಗಂಟು

ಔಡಲೆಣ್ಣೆಯ ಸೀಸೆಯ ಬಿರಡೆ ತೆಗೆದಾಗ ಬರುವ ಆ ಭಾರವಾದ, ತುಸು ಸುಟ್ಟಂಥ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದ ಎಣ್ಣೆಗೆ ಮಾತ್ರ ಅದು ಇರುತ್ತದೆ, ಅಂಗಡಿಯದಕ್ಕೆ ಇಲ್ಲ. ಮೊನ್ನೆ ನನ್ನ ಮಗಳು ಅಕ್ಷತಾ ಗೆಳತಿಯರ ಜೊತೆ ಹಿಮಾಲಯದ ಗುಡ್ಡ ಹತ್ತಲು ಹೊರಟವಳು, ಅಣ್ಣಿಗೇರಿಯ ಈ ಮನೆಯ ನಡುಮನೆಯಲ್ಲಿ ಸಾಮಾನು ಹರಡಿಕೊಂಡು ಕೂತಿದ್ದಳು. ಹೊಸ ಬೂಟು, ಉಣ್ಣೆಯ ಕಾಲುಚೀಲ, ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ, ಮಳೆಯ ಕೋಟು, ಒಂದು ಸೀಟಿ. ನಾನು ಒಳಗಿಂದ ಎಣ್ಣೆಯ ಸಣ್ಣ ಸೀಸೆ ತಂದು ಬೂಟಿನ ಬಾಜು ಇಟ್ಟೆ. ಅವಳು ಬಿರಡೆ ತೆಗೆದು ಮೂಸಿ ಮುಖ ಕಿವುಚಿದಳು.

"ಅವ್ವಾ, ಇದೇನಬೇ ಇದು? ಬ್ಯಾಗ್ ತುಂಬ ನಾತ ಹೊಡಿತೈತಿ."

"ಕಾಲಿಗೆ. ಮೊದಲ ಕಾಲಿಂದ ಹಿಡಿ."

"ಮೊಬೈಲ್‌ನ್ಯಾಗ ಲಿಸ್ಟ್ ಐತಲ್ಲ."

"ಲಿಸ್ಟ್ ಇರಲಿ. ನೀ ಕಾಲಿಂದ ಹಿಡಿ."

ಕಾಲಿನಿಂದ ಹಿಡಿಯುವುದು ನನ್ನ ಅಪ್ಪನ ತಾಯಿಯ ಪದ್ಧತಿ. ನಾವು ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು. ನನ್ನ ತವರೂರು ನವಲಗುಂದದ ಕಡೆಯ ಎರೆ ನೆಲದ್ದು. ಎತ್ತ ನೋಡಿದರೂ ಚಾಪೆ ಹಾಸಿದಂಥ ಹೊಲ, ಕೈಗೆ ಸಿಗಲು ಒಂದು ಕಲ್ಲಿಲ್ಲ. ಮಣ್ಣಿನ ಮಾಳಿಗೆಯ ಮನೆ, ನೆತ್ತಿಯ ಮೇಲೊಂದು ಬೆಳಕಿಂಡಿ, ಅದರಿಂದ ಇಳಿದ ಬಿಸಿಲು ಹೊತ್ತೇರಿದಂತೆ ಪಡಸಾಲೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿತ್ತು. ಗುಡ್ಡ ಎಂಬುದು ನಮಗೆ ಬರಿ ಮಾತು. ನಮ್ಮ ಮನೆಯಲ್ಲಿ ಅದನ್ನು ಕಂಡು ಬಂದವನು ಚನ್ನಪ್ಪ ಕಾಕಾ ಒಬ್ಬನೇ. ನನ್ನ ಅಪ್ಪನ ತಮ್ಮ, ಮದುವೆ ಮಾಡಿಕೊಳ್ಳದೆ ಎತ್ತುಗಳ ಜೊತೆ ಇದ್ದುಬಿಟ್ಟವನು. ಪ್ರತಿ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಓಣಿಯವರ ಜೊತೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದ. ಗುಡ್ಡ ಎಷ್ಟು ಎತ್ತರ ಇರುತ್ತದೆ ಎಂದು ನಾನು ಕೇಳಿದರೆ, "ನಮ್ಮ ಹಗೇವು ಐತಲ್ಲ, ಜೋಳ ತುಂಬೂದು, ಅದನ್ನ ನೆಲದಾಗಿಂದ ಕಿತ್ತು ಬೋರಲ ಹಾಕು. ಅಂಥಾವು ಸಾವಿರ ಒಂದರ ಮ್ಯಾಲೊಂದು" ಎನ್ನುತ್ತಿದ್ದ. ನಾನು ಹಗೇವಿನ ಬಾಯಿಯ ಹತ್ತಿರ ಕೂತು ಆ ಕತ್ತಲನ್ನು ಬೋರಲು ಹಾಕಲು ನೋಡುತ್ತಿದ್ದೆ. ಬರುವಾಗ ನನಗೆಂದು ಆ ಗುಡ್ಡದ ಒಂದು ಕಲ್ಲು ತರುತ್ತಿದ್ದ. ಬಾಗಿಲ ಬಾಜು ಗೋಡೆಯ ಮಾಡದಲ್ಲಿ ಅವನ್ನು ಸಾಲಾಗಿ ಇಟ್ಟಿದ್ದೆ. ಏಳು ಕಲ್ಲು.

ಆಯಿಗೆ ಓದು ಬರಹ ಬರುತ್ತಿರಲಿಲ್ಲ. ಹದಿನೈದು ದಿನದ ದಾರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಅವಳು ಮಗನ ಮೈಯ ಮೇಲೆಯೇ ಇಟ್ಟುಕೊಂಡಿದ್ದಳು. ಹೊರಡುವ ಹಿಂದಿನ ದಿನ, ಊಟ ಮುಗಿದ ಮೇಲೆ, ಪಡಸಾಲೆಯಲ್ಲಿ ಕಂಬಳಿ ಹಾಸಿ ಅದರ ಮೇಲೆ ಹಳೆಯ ಧೋತರ ಬಿಚ್ಚಿ ಹರವುತ್ತಿದ್ದಳು. ನಾನು ಎದುರು ಕೂತು ಕೇಳಬೇಕು, ಅವಳು ಇಡಬೇಕು. ಕಾಲಿಗೇನು? ಔಡಲೆಣ್ಣೆ, ಬೊಕ್ಕೆ ಎದ್ದರೆ ಸುತ್ತಲು ಹಳೆಯ ಸೀರೆಯ ಪಟ್ಟಿ, ಮುಳ್ಳು ತೆಗೆಯುವ ಚಿಮಟ. ಮೊಣಕಾಲಿಗೇನು? ಕಾಯಿಸಿ ಒತ್ತಿಕೊಳ್ಳಲು ಉಪ್ಪಿನ ಸಣ್ಣ ಗಂಟು. ಹೊಟ್ಟೆಗೇನು? ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸಿಹಿಗೆ ಮಾದಲಿ, ಕಾಗದದ ಪೊಟ್ಟಣದಲ್ಲಿ ಒಂದಿಷ್ಟು ಅಜವಾನ. ಎದೆಗೇನು ಎಂದರೆ ಆಯಿ ಏನೂ ಇಡುತ್ತಿರಲಿಲ್ಲ. "ಎದಿಗೆ ಲಿಂಗ ಐತಿ, ಅದು ತಾನ ಬರತೈತಿ" ಎಂದು ಮುಂದೆ ಹೋಗುತ್ತಿದ್ದಳು. ಕುತ್ತಿಗೆಗೆ ಒಣಶುಂಠಿ, ಬೆಲ್ಲ. ಹಣೆಗೆ ವಿಭೂತಿಯ ಗಟ್ಟಿ. ತಲೆಗೆ ರುಮಾಲು. ಎಲ್ಲದರ ಮೇಲೆ ಶ್ರೀಶೈಲದ ದೇವರು ಮಲ್ಲಯ್ಯನ ಹೆಂಡತಿಗೆಂದು ಒಂದು ಸೀರೆ, ಒಂದು ಖಣ. ನಮ್ಮ ಕಡೆ ಆ ತಾಯಿ ಎಲ್ಲ ಮನೆಗಳ ಮಗಳು. ಕಾಕಾ ಕಂಬಕ್ಕೆ ಒರಗಿ ಉಗುರು ತೆಗೆಯುತ್ತ ಕಾಡುತ್ತಿದ್ದ, "ಯವ್ವಾ, ನಾ ಗುಡ್ಡ ಏರಾಕ ಹೊಂಟೇನೋ, ನೀ ಮಗಳನ್ನ ಗಂಡನ ಮನಿಗೆ ಕಳಸಾಕ ಹತ್ತಿಯೋ?" ಆಯಿ ತಲೆ ಎತ್ತದೆ, "ಬರಿಗೈಲೆ ಹೋದರ ಮಗಳ ಮಾರಿ ಸಣ್ಣದಾಗತೈತಿ. ನೀ ಉಗುರು ತಗೀ ಸುಮ್ನ" ಎನ್ನುತ್ತಿದ್ದಳು. ಆಮೇಲೆ ನಾಲ್ಕು ತುದಿ ಸೇರಿಸಿ, ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ತಿರುವಿ ಗಂಟು ಹಾಕಿ, ಅದರ ಮೇಲೆ ವಿಭೂತಿ ಹಚ್ಚುವಳು. ಹಚ್ಚಿದ ಮೇಲೆ ಅದನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಹೋದವನಿಗೆ ದಾರಿಯಲ್ಲಿ ಕೆಡುಕಾಗುತ್ತದೆ ಎಂದು ಅವಳು ನಂಬಿದ್ದಳು. ಅವಳು ನಂಬಿದ್ದನ್ನು ನಾನೂ ನಂಬಿದ್ದೆ.

ನನಗೆ ಒಂಬತ್ತು ತುಂಬುವ ಹೊತ್ತಿಗೆ ಕಾಕಾನಿಗೆ ಆಗೊಮ್ಮೆ ಈಗೊಮ್ಮೆ ಎದೆ ಹಿಡಿದಂತಾಗತೊಡಗಿತ್ತು. ಹುಬ್ಬಳ್ಳಿಯ ಡಾಕ್ಟರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಗುಳಿಗೆ ಕೊಟ್ಟಿದ್ದರು. ಕಿಸೆಯಲ್ಲಿಟ್ಟರೆ ಬೆವರಿಗೆ ಕರಗುತ್ತವೆ ಎಂದು ಆಯಿ ಅವನ್ನು ಅಜ್ಜನ ಹಿತ್ತಾಳೆಯ ನಶ್ಯದ ಡಬ್ಬಿಯಲ್ಲಿ ಹಾಕಿ, ನನ್ನ ಕಲ್ಲುಗಳ ಬಾಜು ಮಾಡದಲ್ಲಿ ಇಟ್ಟಿದ್ದಳು. ಆ ವರ್ಷ ಡಬ್ಬಿ ಎದೆಯ ಪಾಲಾಗಿ ಗಂಟಿನಲ್ಲಿ ಹೋಗಿ, ಬಳಕೆಯಾಗದೆ ತಿರುಗಿ ಬಂತು. ಮರುವರ್ಷ ಮತ್ತೆ ಕಂಬಳಿ ಹಾಸಿ ಕೂತೆವು. ಹೊಟ್ಟೆಯದು ಮುಗಿದಿತ್ತು. ಅಷ್ಟರಲ್ಲಿ ಓಣಿಯ ಗಂಗಕ್ಕ ಬಾಗಿಲಲ್ಲಿ ನಿಂತು, "ಅಕ್ಕಾರ, ನಂದೂ ಒಂದು ಖಣ ಮುಟ್ಟಸ್ರಿ ಆ ತಾಯಿಗೆ" ಎಂದಳು. ಆಯಿ ಎದ್ದು ಹೋಗಿ ಖಣ ಇಸಕೊಂಡು, ಬಣ್ಣ ನೋಡಿ, ಗಂಗಕ್ಕನ ಸೊಸೆಯ ಬಸಿರಿನ ಸುದ್ದಿ ಕೇಳಿ, ತಿರುಗಿ ಬಂದು ಕೂತು ಕೇಳಿದಳು, "ಎಲ್ಲಿಗೆ ಬಂದಿದ್ವಿಬೇ?"

"ಕುತ್ತಿಗಿಗೆ" ಎಂದೆ.

ಸುಳ್ಳು ಹೇಳಿದ್ದಲ್ಲ. ಎದೆಗೆ ಏನೂ ಇಡುವುದಿಲ್ಲ ಎಂಬ, ಡಬ್ಬಿ ಬರುವುದಕ್ಕೂ ಹಿಂದಿನ ವರ್ಷಗಳ ರೂಢಿ ನನ್ನ ಬಾಯಲ್ಲಿತ್ತು. ಆಯಿ ಶುಂಠಿ ಇಟ್ಟಳು, ಬೆಲ್ಲ ಇಟ್ಟಳು, ಗಂಟು ಹಾಕಿದಳು, ವಿಭೂತಿ ಹಚ್ಚಿದಳು.

ಮರುದಿನ ಬಿಸಿಲೇರುವ ಮೊದಲು ಉಳಿದವರೆಲ್ಲ ಮಠದ ಮುಂದೆ ಸೇರಿದ್ದರು. ಕಾಕಾ ನಮ್ಮ ಬಾಗಿಲಲ್ಲಿ ನಿಂತು ಗಂಟನ್ನು ಬಡಿಗೆಗೆ ಸಿಕ್ಕಿಸಿ ಹೆಗಲಿಗೆ ಏರಿಸಿದ. ಆಯಿಯ ಕಾಲು ಮುಟ್ಟಿ, ನನ್ನ ಜಡೆ ಎಳೆದು, "ಎಂಟನೇದ್ದು ದೊಡ್ಡದ ತರತೇನಿ ಲೇ" ಎಂದ. ಕಲ್ಲಿನ ಮಾತು ಬಂದ ಕೂಡಲೇ ನಾನು ಮಾಡದ ಕಡೆ ನೋಡಿದೆ. ಡಬ್ಬಿ ಅಲ್ಲಿಯೇ ಇತ್ತು. ಹೇಳಿದರೆ ಆಯಿ ಗಂಟು ಬಿಚ್ಚುತ್ತಾಳೆ. ಬಿಚ್ಚಿದರೆ ಕಾಕಾನಿಗೆ ಕೆಡುಕಾಗುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನ ಒಳ್ಳೆಯದಕ್ಕೇ ಸುಮ್ಮನಿದ್ದೆ. ಡಬ್ಬಿ ಗಂಟಿನೊಳಗೇ ಹೋಗಬೇಕಾಗಿಲ್ಲ, ಓಡಿ ಹೋಗಿ ಅವನ ಕೈಯಲ್ಲಿ ಕೊಟ್ಟರೂ ಆಗುತ್ತದೆ ಎಂಬುದು ಹೊಳೆಯುವ ಹೊತ್ತಿಗೆ ಎಷ್ಟೋ ವರ್ಷಗಳಾಗಿದ್ದವು. ಪಾತ್ರೆ ತೊಳೆಯುತ್ತ ನಿಂತಿದ್ದೆ, ಹೊಳೆಯಿತು. ಉಳಿದ ಪಾತ್ರೆಗಳನ್ನೂ ತೊಳೆದು ಮುಗಿಸಿದೆ.

ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ಫಕ್ಕೀರಪ್ಪ ಮಾಮಾ, ಕಾಕಾನ ಜೊತೆ ನಡೆದವನು, ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಸುದ್ದಿ ಅದಕ್ಕೂ ಮೊದಲೇ ಬಂದಿತ್ತು; ಅಪ್ಪ ಹೋಗಿ ಅಲ್ಲಿಯೇ ಮಣ್ಣು ಮಾಡಿ ಬಂದಿದ್ದ. ಮಾಮಾ ಕಂಬದ ಹತ್ತಿರ ಕೂತು ನೆಲ ನೋಡುತ್ತ ಹೇಳಿದ. "ಭೀಮನಕೊಳ್ಳದ ಏರಿನ್ಯಾಗ ಕುಂತ್ನವ್ವಾ. ಎದಿ ಹಿಡಕೊಂಡು ಗಂಟು ತೋರಿಸಿದ. ಬಿಚ್ಚಿದ್ವಿ. ಎಲ್ಲಾ ತಗದು ನೋಡಿದ್ವಿ. ಏನು ಬೇಕಾಗಿತ್ತೋ ಏನೋ, ಸಿಗಲಿಲ್ಲ." ಆಯಿ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಸುರುಳಿಯ ಮೇಲೆ ಬೆರಳಾಡಿಸಿದಳು. "ಇದು ನನ್ನ ಗಂಟಲ್ಲ" ಎಂದಳು. ಬೇರೆ ಕೈ ಕಟ್ಟಿತ್ತು, ಎರಡು ಸಲ ಬಲಕ್ಕೇ ತಿರುಗಿತ್ತು. ಆಮೇಲೆ ಎದ್ದು, ನೇರ ಮಾಡದ ಹತ್ತಿರ ಹೋಗಿ ನಿಂತಳು. ಡಬ್ಬಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಯಾರ ಕಡೆಯೂ ನೋಡದೆ, "ನಾನ ಮರತೆ" ಎಂದಳು. ನಾನು ಅಲ್ಲಿಯೇ ಇದ್ದೆ.

ಆ ಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದಳು. ಮುದುಕಿಗೆ ಮರೆವು ಬಂತು, ನಾನ ಮರತೆ. ಗುಳಿಗೆ ಇದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಬಾಯಿ ತೆರೆಯಲಿಲ್ಲ. ಅಳಲೂ ಇಲ್ಲ, ಹುಡುಗಿ ಗಟ್ಟಿ ಎಂದರು. ಶಾಲೆಗೆ ಹೋದೆ, ರೊಟ್ಟಿ ಬಡಿಯಲು ಕಲಿತೆ. ಹನ್ನೆರಡು ವರ್ಷದ ನಂತರ ನನ್ನ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಆಯಿ ನನ್ನ ಟ್ರಂಕಿನ ಮುಂದೆ ಕೂತು, ಹಳೆಯ ಪದ್ಧತಿಯಂತೆ ಕಾಲಿನಿಂದ ಹಿಡಿದಳು. ಕಾಲುಂಗುರ, ಗೆಜ್ಜೆ, ಸೀರೆ, ಸೊಂಟದ ಡಾಬು. ಕೈ ನಿಂತಿತು. ನಾನೇ ಕೇಳಿದೆ, "ಎದಿಗೇನ, ಆಯಿ?" ಅವಳು ನನ್ನ ಮುಖ ನೋಡಿದಳು. "ಎದಿಗಿಂದು ನಿನ್ನ ಹತ್ರನ ಐತಲ್ಲವಾ" ಎಂದು ಕುತ್ತಿಗೆಯ ಸರ ಎತ್ತಿಕೊಂಡಳು. ಲಿಂಗದ ಮಾತೋ, ಬೇರೆ ಮಾತೋ. ನಾನು ಕೇಳಲಿಲ್ಲ. ಮರುವರ್ಷ ಅವಳು ಇರಲಿಲ್ಲ.

ಆ ಮನೆ ಈಗ ಇಲ್ಲ. ಪಾಲಾಗಿ, ಮಾಳಿಗೆ ಇಳಿಸಿ, ಆ ಜಾಗದಲ್ಲಿ ತಗಡಿನ ಶೆಡ್ಡು ಹಾಕಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಹಗೇವಿಗೆ ಮಣ್ಣು ತುಂಬಿದ್ದಾರೆ. ಏಳು ಕಲ್ಲುಗಳು ಗೋಡೆಯ ಜೊತೆ ಎತ್ತ ಹೋದವೋ ತಿಳಿಯದು. ಹೋದಾಗ ಒಮ್ಮೆ ಅಲ್ಲಿ ನಿಂತು ಬರುತ್ತೇನೆ, ಏನೂ ಅನ್ನಿಸುವುದಿಲ್ಲ.

ಅಕ್ಷತಾ ನನ್ನ ಹಟಕ್ಕೆ ಸೋತು ಕಾಲಿನಿಂದಲೇ ಹಿಡಿದಳು. ಬೂಟು, ಕಾಲುಚೀಲ, ಎಣ್ಣೆಯ ಸೀಸೆಗೆ ಎರಡು ಪ್ಲಾಸ್ಟಿಕ್ ಚೀಲ. ಮೊಣಕಾಲಿಗೆ ಪಟ್ಟಿ. ಹೊಟ್ಟೆಗೆ ನಾನು ಮಾಡಿದ ಕಟಕ ರೊಟ್ಟಿ, ಹಿಂಡಿ. ಅವಳ ಚೀಲಕ್ಕೆ ಗಂಟಿಲ್ಲ, ಜಿಪ್ಪಿದೆ. ಎಷ್ಟು ಸಲ ಬೇಕಾದರೂ ತೆರೆಯಬಹುದು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಎದ್ದು ಬಾಗಿಲಿಗೆ ಹೋಗಿ, ಗೆಳತಿಯ ಜೊತೆ ನಕ್ಕು, ಹುಬ್ಬಳ್ಳಿಯ ಬಸ್ಸಿನ ಹೊತ್ತು ಮಾತಾಡಿ, ತಿರುಗಿ ಬಂದು ಕೂತಳು. ನಾನು ಕೂತಲ್ಲೇ ಇದ್ದೆ. ಕೈಯಲ್ಲಿ ಔಡಲೆಣ್ಣೆಯ ಅಂಟು.

"ಎಲ್ಲಿಗೆ ಬಂದಿದ್ವಿ ಅವ್ವಾ?" ಎಂದಳು.

"ಎದಿಗೆ" ಎಂದೆ.