ಅರವತ್ತನಾಲ್ಕು ಬೋಳುತಲೆ, ಒಂದು ಗಾಳಿ ಪಂಪು

ಶುಕ್ರವಾರ ಬೆಳಗಿನ ಐದೂವರೆ. ಮಿಸಿಸಿಪ್ಪಿಯ ಹಾರ್ಪರ್ಸ್ ಬೆಂಡ್ ಕಾಲೇಜಿನ ಕ್ರೀಡಾಂಗಣದ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ಅರ್ಲೀನ್ ಪ್ರೂಯಿಟ್ ಹೆಲ್ಮೆಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ. ನಾಳೆ ಅಮೆರಿಕನ್ ಫುಟ್‌ಬಾಲಿನ ರಾಷ್ಟ್ರಮಟ್ಟದ ಸೆಮಿಫೈನಲ್. ಎಂಟೂವರೆಗೆ ಬಸ್ಸು. ಕಾಫಿಯ ವಾಸನೆ ಹಿಡಿದು ಬಂದ ತಂಡದ ನಾಯಕ ಟ್ರೇಲನ್ ಟೋಪಿ ತೆಗೆಯುತ್ತಾನೆ. ತಲೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದೆ.

“ಇದೇನೋ ನಿನ್ನವತಾರ? ನಿನ್ನೆ ಮಧ್ಯಾಹ್ನ ಹೆಗಲವರೆಗೆ ಜಡೆ ಇತ್ತಲ್ಲೋ!”

“ಹರಕೆ, ಮಿಸ್ ಅರ್ಲೀನ್. ಸೆಮಿಫೈನಲ್‌ಗೆ ಬಂದ್ರೆ ಬೋಳಿಸ್ಕೋತೀವಿ ಅಂದಿದ್ವಿ. ನಿನ್ನೆ ಸಂಜೆ ಕೂತ್ವಿ.”

“ಕೂತ್ವಿ ಅಂದ್ರೆ? ಯಾರ್ಯಾರು?”

“ಎಲ್ರೂ. ಅರವತ್ತನಾಲ್ಕೂ ಜನ.”

ಅರ್ಲೀನ್ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಅಷ್ಟೂ ಹೆಲ್ಮೆಟ್ಟುಗಳನ್ನು ಅವರು ಹೊಂದಿಸಿಟ್ಟಿದ್ದು ಕೂದಲಿದ್ದ ತಲೆಗಳಿಗೆ.

ಚೆಂಡನ್ನು ಎದೆಗವಚಿಕೊಂಡು ಓಡುವವನ ಮೇಲೆ ನೂರೈವತ್ತು ಕಿಲೋದ ಆಳು ಬಂದು ಬೀಳುವ ಆಟವಿದು. ಒಂಬತ್ತು ವರ್ಷದ ಹಿಂದೆ ಈ ತಂಡ ಹನ್ನೊಂದು ಆಟದಲ್ಲಿ ಹತ್ತು ಸೋತಿತ್ತು. ಈ ಸಲ ಸೋತಿದ್ದು ಒಂದೇ. ಊರಿನವರು ಕೋಚ್ ಟಾಲಿವರ್ ಹೆಸರು ಹೇಳುತ್ತಾರೆ, ಹೊಸ ವ್ಯಾಯಾಮಶಾಲೆ ಕಟ್ಟಿಸಿಕೊಟ್ಟವರ ಹೆಸರು ಹೇಳುತ್ತಾರೆ. ಮೀನಿನ ಕಾರ್ಖಾನೆ ಬಿಟ್ಟು ತಂಡದ ಬಟ್ಟೆ ಒಗೆಯಲು ಸೇರಿದ, ಈಗ ಅರವತ್ತೊಂದರ ಅರ್ಲೀನ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಅವರ ಬಾಯಲ್ಲಿ ಮಾತ್ರ ಒಂದು ಹೆಸರು ಆಗಾಗ ಬರುತ್ತದೆ: ಕೋರಿ. ತಾವು ಕೆಲಸಕ್ಕೆ ಸೇರಿದ ವರ್ಷ ಆ ಆಟಗಾರನಿಗೆ ಹೆಲ್ಮೆಟ್ ಕೊಟ್ಟಿದ್ದು ಇವರೇ. “ಸೈಜಿನ ನಂಬರ್ ನೋಡಿ ಕಪಾಟಿನಿಂದ ತೆಗೆದು ಕೊಟ್ಟೆ. ತಲೆ ನೋಡ್ಲಿಲ್ಲ,” ಎನ್ನುತ್ತಾರೆ. ಆಟದ ಡಿಕ್ಕಿಯಲ್ಲಿ ಅದು ಹಾರಿಹೋಗಿ ತಲೆಗೆ ಪೆಟ್ಟಾಯಿತು. ಕೋರಿ ಓದು ಬಿಟ್ಟ. ಇವತ್ತಿಗೂ ಬಿಸಿಲಿಗೆ ಕಣ್ಣು ಬಿಡಲಾರ. ಭಾನುವಾರ ಚರ್ಚು ಮುಗಿಸಿ ಅರ್ಲೀನ್ ಅವನ ಮನೆಗೆ ಹೋಗಿ ಬರುತ್ತಾರೆ.

ಅಂದಿನಿಂದ ಪ್ರತಿ ಗುರುವಾರ ಪ್ರತಿ ತಲೆಯನ್ನೂ ಖುದ್ದು ನೋಡುತ್ತಾರೆ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು. ಮುಖದ ಮುಂದಿನ ಸರಳು ಹಿಡಿದು ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಜರುಗಬೇಕು. ಜರುಗದಿದ್ದರೆ ಸಡಿಲ ಎಂದರ್ಥ. ಆಗ ಒಳಗಿನ ಮೆತ್ತೆಗೆ ಪಂಪಿನಿಂದ ಗಾಳಿ. ಒಂದು ತಲೆಗೆ ಮೂರು ನಿಮಿಷ.

ಆರು ಗಂಟೆಗೆ ಹಜಾರದಲ್ಲಿ ಬೋಳುತಲೆಗಳ ಸಾಲು. ಟ್ರೇಲನ್ ಮೊದಲಿಗ. ತಿರುಗಿಸಿದರೆ ಹೆಲ್ಮೆಟ್ ಗರ್ರನೆ ಕಿವಿಯ ಕಡೆಗೆ ಹೋಗುತ್ತದೆ, ಹಣೆ ಇದ್ದಲ್ಲೇ ಇದೆ. ಹಿಂದಿನವರ ನಗು ನಿಲ್ಲುತ್ತದೆ.

ಎಂಟೂವರೆಗೆ ಕೋಚ್ ಬರುತ್ತಾರೆ. “ಮಿಸ್ ಅರ್ಲೀನ್, ಇನ್ನೆಷ್ಟು?”

“ಹದಿನಾಲ್ಕು.”

“ಬಸ್ಸಲ್ಲೇ ಮಾಡ್ಬಿಡಿ.”

“ಓಡೋ ಬಸ್ಸಲ್ಲಿ ನೀವು ಗಡ್ಡ ಕೆರ್ಕೋತೀರಾ ಕೋಚ್?”

“ನಾವು ಲೇಟಾದ್ರೆ ಅಲ್ಲಿ ಅಭ್ಯಾಸದ ಹೊತ್ತು ಹೋಗುತ್ತೆ.”

“ಹೋಗ್ಲಿ. ನಾನು ಕೈ ಎತ್ತೋವರ್ಗೂ ಬಸ್ಸು ಜರುಗಲ್ಲ.”

ಕೋಚ್ ಕಪಾಟಿನಲ್ಲಿದ್ದ ಹಳೇ ಪಂಪೊಂದನ್ನು ಕೈಗೆತ್ತಿಕೊಂಡು, “ಎಲ್ಲಿ ಚುಚ್ಬೇಕು, ತೋರ್ಸಿ,” ಎನ್ನುತ್ತಾರೆ. ಅವರು ಗಾಳಿ ತುಂಬಿದ ಮೂರನ್ನೂ ಅರ್ಲೀನ್ ಮತ್ತೆ ತಿರುಗಿಸಿ ನೋಡುತ್ತಾರೆ. ಒಂದಕ್ಕೆ ಇನ್ನಷ್ಟು ಗಾಳಿ ಬೇಕಾಗುತ್ತದೆ. ಬಸ್ಸು ಹೊರಡುವಾಗ ಒಂಬತ್ತೂ ಕಾಲು.

ಶನಿವಾರ ತಂಡ ಮೂರಂಕಗಳಿಂದ ಗೆಲ್ಲುತ್ತದೆ. ಪತ್ರಕರ್ತರ ಮುಂದೆ ಕೋಚ್ ಹದಿಮೂರು ಜನರಿಗೆ ಧನ್ಯವಾದ ಹೇಳುತ್ತಾರೆ. ಆ ಪಟ್ಟಿಯಲ್ಲಿ ಅರ್ಲೀನ್ ಇಲ್ಲ. ಸೋಮವಾರ ಬೆಳಗ್ಗೆ ಹೆಲ್ಮೆಟ್ಟುಗಳ ಕೆಸರು ಒರೆಸುತ್ತಾ ಕೂತಿರುವ ಅವರಿಗೆ ಅದರ ಚಿಂತೆಯೂ ಇಲ್ಲ.

“ಟಿ.ವಿ.ಯವರು ಮೂರೂವರೆ ಗಂಟೆ ತೋರ್ಸಿದ್ರು,” ಎನ್ನುತ್ತಾರೆ. “ಒಂದೇ ಒಂದು ಹೆಲ್ಮೆಟ್ ಹಾರಿದ್ದು ನೋಡಿದ್ರಾ?”

ಫೈನಲ್‌ಗೆ ಏನಾಸೆ ಎಂದರೆ ಪಂಪನ್ನು ಮೇಜಿನ ಮೇಲಿಡುತ್ತಾರೆ.

“ಕಪ್ ಬಂದ್ರೆ ಬರ್ಲಿ. ಅಲ್ಲೀವರೆಗೆ ಈ ಹುಡುಗ್ರು ಇನ್ನೊಂದು ಹರಕೆ ಹೊರದೇ ಇದ್ರೆ ಸಾಕು.”